ಫಸ್ಟ್ ಪಿಯು ಮುಗಿದ ಬೇಸಿಗೆ: ಕ್ರ್ಯಾಶ್ ಕೋರ್ಸಾ, ಸರ್ಟಿಫಿಕೇಟಾ, ಮನೆಯಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಜಮೀನಿದೆ, ಗೋವಿನಜೋಳ ಮತ್ತು ಹತ್ತಿ ಬೆಳೆಯುತ್ತೇವೆ. ಮಗಳು ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 91 ತೆಗೆದಿದ್ದಳು. ಸರ್ಕಾರಿ ಪಿಯು ಕಾಲೇಜಿಗೆ ಸೇರಿಸಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಕೊಡಿಸಿದೆವು. ಫಸ್ಟ್ ಪಿಯುನಲ್ಲಿ ಶೇ 58 ಬಂದಿದೆ. ಅವತ್ತಿನಿಂದ ಅವಳು ಸರಿಯಾಗಿ ಮಾತಾಡುತ್ತಿಲ್ಲ. ಮುಂದಿನ ವರ್ಷ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬರೆದು ಕಾಲೇಜಿಗೆ ಅರ್ಜಿ ಹಾಕಬೇಕು. ಈಗ ಏಪ್ರಿಲ್, ಮೇ ಎರಡು ತಿಂಗಳು ರಜೆ. ದಾವಣಗೆರೆಯ ಒಂದು ಕೋಚಿಂಗ್ ಸೆಂಟರಿನವರು ಹಾಸ್ಟೆಲ್ ಸೇರಿ 45 ದಿನಕ್ಕೆ 40 ಸಾವಿರ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ‘ಈಗ ಕಾಲೇಜಿನವರು ಬರೀ ಮಾರ್ಕ್ಸ್ ನೋಡಲ್ಲ, ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿಸು, 6 ಸಾವಿರಕ್ಕೆ ಸರ್ಟಿಫಿಕೇಟ್ ಕೊಡುತ್ತಾರೆ’ ಎನ್ನುತ್ತಾನೆ. ಮಗಳು ಮಾತ್ರ ಮನೆಯಲ್ಲೇ ಇರುತ್ತೇನೆ, ಸ್ವಲ್ಪ ದಿನ ಅಜ್ಜಿ ಊರಿಗೆ ಹೋಗುತ್ತೇನೆ ಅನ್ನುತ್ತಾಳೆ. ದಿನಕ್ಕೆ ನಾಲ್ಕೈದು ತಾಸು ಮೊಬೈಲ್ ಹಿಡಿದು ಕೂರುತ್ತಾಳೆ. ಅವಳಿಗೆ ಬಿಎಸ್ಸಿ ಅಗ್ರಿ ಇಷ್ಟ, ಅವರಮ್ಮನಿಗೆ ನರ್ಸಿಂಗ್ ಆಗಲಿ ಅಂತ, ತಮ್ಮನಿಗೆ ಕಂಪ್ಯೂಟರ್ ಸೈನ್ಸ್. ಈ ಎರಡು ತಿಂಗಳನ್ನು ಹೇಗೆ ಬಳಸಬೇಕು? ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ಕೂಡ ಬರೆಸಬೇಕಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರ ಓದಿದ ಮೇಲೆ ನನಗೆ ಕಂಡಿದ್ದು ಎರಡು ಚಿಂತೆ. ರಜೆ ಸುಮ್ಮನೆ ಹೋದರೆ ಮಗಳು ಹಿಂದೆ ಬೀಳುತ್ತಾಳೇನೋ ಎಂಬುದು ಒಂದು. 91 ಇದ್ದ ಹುಡುಗಿ 58ಕ್ಕೆ ಬಂದಳಲ್ಲ, ಅವಳಿಗೆ ಸೈನ್ಸ್ ಆಗುವುದಿಲ್ಲವೇನೋ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಆದರೆ ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಹಗುರವಾಗುತ್ತದೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಈಗ ಕೋರ್ಸು, ಸೀಟು ಆರಿಸಿಕೊಳ್ಳುವ ಮಕ್ಕಳಿಗೆ ಸಲಹೆ ಕೊಡುತ್ತೇನೆ. ನಿಮ್ಮ ಮಗಳಂಥ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಮೊದಲು ನಿಮ್ಮ ತಮ್ಮನವರು ಹೇಳಿದ ಸರ್ಟಿಫಿಕೇಟ್ ವಿಷಯ ಮುಗಿಸಿಬಿಡೋಣ. ಕರ್ನಾಟಕದಲ್ಲಿ ಎಂಜಿನಿಯರಿಂಗ್, ಕೃಷಿ, ನರ್ಸಿಂಗ್ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅಲ್ಲಿ ರ‍್ಯಾಂಕ್ ಕೊಡುವಾಗ ಇಂಟರ್ನ್‌ಶಿಪ್‌ಗೆ ಅರ್ಧ ಅಂಕವೂ ಇಲ್ಲ. ಅರ್ಜಿಯಲ್ಲಿ ಅದನ್ನು ತುಂಬುವ ಜಾಗವೂ ಇಲ್ಲ. ತಮ್ಮನವರು ಸುಳ್ಳು ಹೇಳಿದ್ದಾರೆ ಎಂದಲ್ಲ, ಅವರು ಬೇರೆ ಕಡೆಯ ಪದ್ಧತಿ ಕೇಳಿಸಿಕೊಂಡಿದ್ದಾರೆ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರು ತಾವು ತೊಡಗಿಸಿಕೊಂಡ ಚಟುವಟಿಕೆಗಳ ಪಟ್ಟಿ ಕೊಡುತ್ತಾರೆ, ಪ್ರಬಂಧ ಬರೆಯುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನ ಇರುತ್ತದೆ. ಅಲ್ಲಿ ಮಕ್ಕಳು ಏನು ಮಾಡಿದ್ದಾರೆ, ಏನು ಯೋಚಿಸಿದ್ದಾರೆ ಎಂದು ಕೇಳುತ್ತಾರೆ ನಿಜ. ಆದರೆ ಅಲ್ಲೂ ದುಡ್ಡು ಕೊಟ್ಟು ತಂದ ಕಾಗದ ತೋರಿಸಿದರೆ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಆ 6 ಸಾವಿರ ಉಳಿಸಿಕೊಳ್ಳಿ.

ಹಾಗಾದರೆ ಸೀಟು ಯಾವುದರ ಮೇಲೆ ಸಿಗುತ್ತದೆ? ಇದು ಸ್ಪಷ್ಟವಾದರೆ ರಜೆ ಹೇಗೆ ಬಳಸಬೇಕು ಎಂಬುದೂ ಅರ್ಧ ಗೊತ್ತಾಗುತ್ತದೆ.

ಎಂಜಿನಿಯರಿಂಗ್‌ಗೆ ಸೆಕೆಂಡ್ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಕೃಷಿ ಕೋರ್ಸುಗಳ ರ‍್ಯಾಂಕಿಗೂ ಪಿಯು ಅಂಕ ಸೇರುತ್ತದೆ. ಒಂದು ಲೆಕ್ಕ ನೋಡಿ. ಒಬ್ಬಳಿಗೆ ಪಿಯುನಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 90 ಬಂತು. ಇನ್ನೊಬ್ಬಳಿಗೆ ಪಿಯುನಲ್ಲಿ 195, ಸಿಇಟಿಯಲ್ಲಿ 117. ಇಬ್ಬರದೂ ಒಟ್ಟು ಶೇ 65ಕ್ಕೇ ಬಂದು ನಿಲ್ಲುತ್ತದೆ. ಸಿಇಟಿ ಕೋಚಿಂಗ್ ಮಾರುವವರು ಮೊದಲ ಹುಡುಗಿಯ ಕಥೆ ಹೇಳುವುದಿಲ್ಲ. ಕಾಲೇಜಿನ ಪಾಠ, ಲ್ಯಾಬ್, ಬೋರ್ಡ್ ಪರೀಕ್ಷೆ ಇವನ್ನು ಗಟ್ಟಿ ಮಾಡಿಕೊಂಡರೇ ಅರ್ಧ ದಾರಿ ಸಾಗಿದ ಹಾಗೆ.

ಇಲ್ಲಿ ನಿಮಗೆ ಸಮಾಧಾನ ಕೊಡುವ ಒಂದು ಸಂಗತಿಯಿದೆ. ಫಸ್ಟ್ ಪಿಯು ಅಂಕ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಆ 58 ಮುಂದಿನ ವರ್ಷದ ಯಾವ ರ‍್ಯಾಂಕಿನಲ್ಲೂ ಕಾಣುವುದಿಲ್ಲ. ಇದನ್ನು ಮಗಳಿಗೆ ಇವತ್ತೇ ಹೇಳಿ. ಅವಳಿಗೆ ಗೊತ್ತಿರಬಹುದು, ಆದರೂ ನಿಮ್ಮ ಬಾಯಿಂದ ಕೇಳಲಿ.

ಅಂಕ ಬರುವುದಿಲ್ಲ, ಪಾಠ ಬರುತ್ತದೆ. ಸಿಇಟಿಯಲ್ಲಿ ಎರಡೂ ವರ್ಷದ ಪಠ್ಯದಿಂದ ಪ್ರಶ್ನೆ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಫಸ್ಟ್ ಪಿಯುನ ಕೆಲವು ಪಾಠ ಗೊತ್ತಿಲ್ಲದೆ ಸೆಕೆಂಡ್ ಪಿಯು ಪಾಠ ತಲೆಗೇ ಹತ್ತುವುದಿಲ್ಲ. ನಿಮ್ಮ ಮಗಳ ಬೇಸಿಗೆಯ ನಿಜವಾದ ಕೆಲಸ ಇಲ್ಲಿದೆ.

58 ಯಾಕೆ ಬಂತು ಎಂಬುದಕ್ಕೆ ಬರೋಣ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದ ಮಗು ಸೈನ್ಸಿಗೆ ಬಂದ ಮೊದಲ ವರ್ಷ ಬೀಳುವುದು ತೀರಾ ಸಾಮಾನ್ಯ. ಜೂನ್‌ನಲ್ಲಿ ಕ್ಲಾಸಿಗೆ ಬಂದು ಕೂತಾಗ ಪುಸ್ತಕ ಇಂಗ್ಲಿಷ್, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷ್, ಪರೀಕ್ಷೆಯಲ್ಲಿ ಎಲ್ಲರೂ ಬರೆಯುವುದೂ ಹೆಚ್ಚಾಗಿ ಇಂಗ್ಲಿಷ್. ಒಂಬತ್ತನೇ ತರಗತಿಯಲ್ಲಿ ಅವಳು ಸಂವೇಗ, ವೇಗೋತ್ಕರ್ಷ ಎಂದು ಕಲಿತು ಅರ್ಥ ಮಾಡಿಕೊಂಡ ವಿಷಯವೇ ಬೇರೆ ಹೆಸರಿನಲ್ಲಿ ಎದುರು ಬಂದಾಗ ಅದು ತನಗೆ ಗೊತ್ತಿರುವುದೇ ಎಂದು ಗುರುತು ಹತ್ತುವುದಿಲ್ಲ. ಪ್ರಶ್ನೆ ಕೇಳಲು ನಾಚಿಕೆ. ಇಂಗ್ಲಿಷ್ ಮಾಧ್ಯಮದಿಂದ ಬಂದವರು ಪಟಪಟ ಉತ್ತರ ಹೇಳುವಾಗ ತಾನೇ ದಡ್ಡಿ ಅನ್ನಿಸಿಬಿಡುತ್ತದೆ. ಆಮೇಲೆ ಅರ್ಥ ಮಾಡಿಕೊಳ್ಳುವುದು ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾರೆ. ಗಣಿತ, ಭೌತಶಾಸ್ತ್ರ ಬಾಯಿಪಾಠಕ್ಕೆ ಬಗ್ಗುವುದಿಲ್ಲ, ಅಂಕ ಬಿದ್ದುಹೋಗುತ್ತದೆ. ಇದರಲ್ಲಿ ಬುದ್ಧಿಯ ಕೊರತೆ ಎಲ್ಲೂ ಇಲ್ಲ. ಈ ಮಕ್ಕಳಲ್ಲಿ ತುಂಬಾ ಜನ ಸೆಕೆಂಡ್ ಪಿಯುನಲ್ಲಿ ಎದ್ದು ನಿಲ್ಲುವುದನ್ನು ನೋಡಿದ್ದೇನೆ. ಎದ್ದು ನಿಂತವರು ಈ ಬೇಸಿಗೆಯಲ್ಲಿ ಹಿಂದಕ್ಕೆ ಹೋಗಿ ಬುಡ ಸರಿಮಾಡಿಕೊಂಡವರು.

ಅದನ್ನು ಮನೆಯಲ್ಲೇ ಮಾಡಬಹುದು. ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ‘ಚೆನ್ನಾಗಿ ಓದು’ ಅಂತ ಹೇಳಿದರೆ ಯಾರಿಗೂ ಪ್ರಯೋಜನ ಇಲ್ಲ.

ಅವಳ 9 ಮತ್ತು 10ನೇ ತರಗತಿಯ ವಿಜ್ಞಾನ, ಗಣಿತದ ಪುಸ್ತಕ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಯಾರಿಗಾದರೂ ಕೊಟ್ಟಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಈ ಪುಸ್ತಕಗಳು ಕೇಂದ್ರದ ಪಠ್ಯ ರೂಪಿಸುವ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕದ ಕನ್ನಡ ರೂಪ. ಪಿಯು ವಿಜ್ಞಾನದ ಪುಸ್ತಕಗಳೂ ಎನ್‌ಸಿಇಆರ್‌ಟಿಯವೇ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾರಿ ನೇರವಾಗಿದೆ. 9ನೇ ತರಗತಿಯ ಚಲನೆ, ಬಲ ಮತ್ತು ಚಲನೆಯ ನಿಯಮಗಳು, ಕೆಲಸ ಮತ್ತು ಶಕ್ತಿ ಈ ಪಾಠಗಳನ್ನು ಕನ್ನಡದಲ್ಲಿ ಓದಲಿ. ಅದೇ ದಿನ ಫಸ್ಟ್ ಪಿಯು ಪುಸ್ತಕದ ಅದೇ ಪಾಠ ತೆರೆಯಲಿ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷ್ ಪದ, ಕೆಳಗೆ ತನ್ನದೇ ಮಾತಿನಲ್ಲಿ ಒಂದು ಸಾಲು. ರಸಾಯನಶಾಸ್ತ್ರಕ್ಕೆ 9ನೇ ತರಗತಿಯ ಪರಮಾಣುವಿನ ರಚನೆ, 10ನೇ ತರಗತಿಯ ಕಾರ್ಬನ್ ಮತ್ತು ಅದರ ಸಂಯುಕ್ತಗಳು ಹೀಗೇ ಸಹಾಯಕ್ಕೆ ಬರುತ್ತವೆ. ಮೊದಲ ವಾರ ನಿಧಾನ ಅನ್ನಿಸುತ್ತದೆ, ಆಮೇಲೆ ವೇಗ ಬರುತ್ತದೆ.

ಫಸ್ಟ್ ಪಿಯು ಪೂರ್ತಿ ಮತ್ತೆ ಓದಲು ಹೊರಟರೆ ಎರಡು ತಿಂಗಳು ಸಾಲದು, ಅಗತ್ಯವೂ ಇಲ್ಲ. ಮುಂದಿನ ವರ್ಷ ಕೈಕೊಡುವ ಪಾಠಗಳು ಇವು. ಗಣಿತದಲ್ಲಿ ತ್ರಿಕೋನಮಿತಿ, ಫಂಕ್ಷನ್‌ಗಳು, ಸರಳರೇಖೆ, ಲಿಮಿಟ್ಸ್ ಮತ್ತು ಡೆರಿವೇಟಿವ್ಸ್. ಸೆಕೆಂಡ್ ಪಿಯು ಗಣಿತದ ದೊಡ್ಡ ಭಾಗ ಕ್ಯಾಲ್ಕುಲಸ್, ಅದು ಇವುಗಳ ಮೇಲೇ ನಿಂತಿದೆ. ತ್ರಿಕೋನಮಿತಿಯ ಸೂತ್ರ ನಾಲಿಗೆ ತುದಿಯಲ್ಲಿಲ್ಲದ ಮಗು ಇಂಟಿಗ್ರೇಷನ್‌ನಲ್ಲಿ ಪ್ರತಿ ಲೆಕ್ಕಕ್ಕೂ ನಿಂತುಬಿಡುತ್ತದೆ. ಭೌತಶಾಸ್ತ್ರದಲ್ಲಿ ವೆಕ್ಟರ್, ನ್ಯೂಟನ್‌ನ ನಿಯಮಗಳು, ಕೆಲಸ ಮತ್ತು ಶಕ್ತಿ, ಕೊನೆಯಲ್ಲಿ ಬರುವ ಅಲೆಗಳು. ಸೆಕೆಂಡ್ ಪಿಯು ಶುರುವಾಗುವುದೇ ವಿದ್ಯುದಾವೇಶದ ಪಾಠದಿಂದ, ಅಲ್ಲಿ ಮೊದಲ ವಾರವೇ ವೆಕ್ಟರ್ ಕೂಡಿಸಬೇಕು. ರಸಾಯನಶಾಸ್ತ್ರದಲ್ಲಿ ಮೋಲ್ ಲೆಕ್ಕ, ರಾಸಾಯನಿಕ ಬಂಧ, ಈಕ್ವಿಲಿಬ್ರಿಯಂ, ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೂಲ ತತ್ವಗಳು. ಮೋಲ್ ಲೆಕ್ಕ ಬಾರದವರಿಗೆ ದ್ರಾವಣಗಳ ಪಾಠವೂ ಬರುವುದಿಲ್ಲ, ಎಲೆಕ್ಟ್ರೋಕೆಮಿಸ್ಟ್ರಿಯೂ ಬರುವುದಿಲ್ಲ. ಜೀವಶಾಸ್ತ್ರದಲ್ಲಿ ಕೋಶ ಮತ್ತು ಕೋಶ ವಿಭಜನೆ ಗೊತ್ತಿದ್ದರೆ ಮುಂದೆ ಅನುವಂಶೀಯತೆ ಸುಲಭ. ಉಳಿದ ಪಾಠ ಸಿಇಟಿಗೆ ಬೇಕು, ಆದರೆ ಅವನ್ನು ವರ್ಷದ ನಡುವೆ ನೋಡಿಕೊಳ್ಳಬಹುದು.

ದಿನಕ್ಕೆ ಮೂರು ತಾಸು ಸಾಕು. ನಿಮ್ಮ ಕಡೆ ಏಪ್ರಿಲ್‌ನಲ್ಲಿ ಹತ್ತು ಗಂಟೆಗೇ ಹೆಂಚು ಕಾಯುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಕೂರುವುದು ವಾಸಿ. ಓದುವುದಕ್ಕಿಂತ ಬರೆಯುವುದು ಜಾಸ್ತಿ ಇರಲಿ. ಪಾಠ ಮುಗಿದ ಮೇಲೆ ಆ ಪಾಠದ ಹಳೇ ಸಿಇಟಿ ಪ್ರಶ್ನೆ ಬಿಡಿಸಲಿ. ಹಳೇ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಕೆಇಎ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈಗಲೇ ಗಡಿಯಾರ ಇಟ್ಟುಕೊಂಡು ಬಿಡಿಸುವುದು ಬೇಡ. ಮೊದಲು ಸರಿಯಾಗಿ ಬರಲಿ, ವೇಗದ ಕೆಲಸ ಡಿಸೆಂಬರ್ ನಂತರದ್ದು.

ಒಂದು ಎಚ್ಚರಿಕೆ. ಪಕ್ಕದ ಮನೆಯವರು ಹಳೇ ಗೈಡ್ ಕೊಟ್ಟರೆ ಈಗಿನ ಸಿಲೆಬಸ್ ಜೊತೆ ಹೋಲಿಸಿ ನೋಡಿ. ಎನ್‌ಸಿಇಆರ್‌ಟಿ ಕೆಲವು ಪಾಠ, ಕೆಲವು ಭಾಗ ಕೈಬಿಟ್ಟಿದೆ. 2024ರ ಸಿಇಟಿಯಲ್ಲಿ ಹೀಗೆ ಕೈಬಿಟ್ಟ ಭಾಗದಿಂದಲೂ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಗಿ, ಆ ಪ್ರಶ್ನೆಗಳನ್ನು ಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಹಳೇ ಪುಸ್ತಕ ಹಿಡಿದರೆ ಬೇಡದ್ದನ್ನೇ ವಾರಗಟ್ಟಲೆ ಓದಬೇಕಾಗುತ್ತದೆ.

ಈಗ ದಾವಣಗೆರೆಯ 45 ದಿನದ ಕೋರ್ಸು. ಕ್ರ್ಯಾಶ್ ಕೋರ್ಸ್ ಎಲ್ಲರಿಗೂ ದಂಡ ಅಂತ ನಾನು ಹೇಳುವುದಿಲ್ಲ. ಪಾಠ ಒಮ್ಮೆ ಅರ್ಥವಾಗಿದ್ದು, ಪ್ರಶ್ನೆ ಬಿಡಿಸುವ ಅಭ್ಯಾಸ ಬೇಕಾದವರಿಗೆ ಅದರಿಂದ ಉಪಯೋಗವಿದೆ. ಮನೆಯಲ್ಲಿ ಕೂರಲು ಜಾಗವಿಲ್ಲದ, ಕೆಲಸದ ನಡುವೆ ಓದಲಾಗದ ಮಕ್ಕಳಿಗೂ ಇದೆ. ಆದರೆ ಹೆಸರೇ ಹೇಳುವ ಹಾಗೆ ಅದರ ಜೀವಾಳ ವೇಗ. ಎರಡು ದಿನಕ್ಕೊಂದು ಪಾಠ ಓಡಿಸುತ್ತಾರೆ. ತುಂಬಾ ಕಡೆ ಫಸ್ಟ್ ಪಿಯು ಮುಟ್ಟುವುದೇ ಇಲ್ಲ, ನೇರವಾಗಿ ಸೆಕೆಂಡ್ ಪಿಯು ಪಾಠ ಶುರು ಮಾಡುತ್ತಾರೆ. ನಿಮ್ಮ ಮಗಳಿಗೆ ವರ್ಷವಿಡೀ ಆದ ತೊಂದರೆಯೇ ಪಾಠ ತನಗಿಂತ ಮುಂದೆ ಓಡಿದ್ದು. ಅದೇ ತೊಂದರೆಯನ್ನು ದುಡ್ಡು ಕೊಟ್ಟು ಇನ್ನೂ ಜೋರಾಗಿ ಮಾಡಿಸಿಕೊಂಡ ಹಾಗಾಗುತ್ತದೆ. ಈಗಲೇ ಕುಗ್ಗಿರುವ ಹುಡುಗಿ ಪರಊರಿನ ಹಾಸ್ಟೆಲಿನಲ್ಲಿ ನೂರಾರು ಮಕ್ಕಳ ನಡುವೆ ಕೂತು ಮತ್ತೆ ಹಿಂದುಳಿದರೆ ‘ನನಗೆ ಸೈನ್ಸ್ ಆಗಲ್ಲ’ ಎಂಬ ತೀರ್ಮಾನಕ್ಕೇ ಬಂದುಬಿಡಬಹುದು. ನನಗಿರುವ ದೊಡ್ಡ ಭಯ ಅದು. 40 ಸಾವಿರ ಹೋದರೆ ಮತ್ತೆ ದುಡಿಯಬಹುದು.

ಅವಳೇ ಹೋಗುತ್ತೇನೆ ಎಂದರೆ, ದುಡ್ಡು ಕಟ್ಟುವ ಮೊದಲು ಮಗಳನ್ನೂ ಕರೆದುಕೊಂಡು ಹೋಗಿ ಒಂದು ದಿನ ಕ್ಲಾಸಿನಲ್ಲಿ ಕೂರಿಸಿ. ಕೂರಲು ಬಿಡದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಫಸ್ಟ್ ಪಿಯು ಪಾಠಕ್ಕೆ ಎಷ್ಟು ದಿನ ಕೊಡುತ್ತಾರೆ, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಕನ್ನಡದಲ್ಲಿ ಸಂದೇಹ ಕೇಳಿದರೆ ಕನ್ನಡದಲ್ಲಿ ಹೇಳಿಕೊಡುತ್ತಾರಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಎಂದು ಕೇಳಿ. ವಾಪಸ್ ಕೊಡುವ ಮಾತನ್ನು ರಸೀದಿ ಮೇಲೆ ಬರೆಸಿಕೊಳ್ಳಿ. ಗೋಡೆ ಮೇಲಿನ ರ‍್ಯಾಂಕ್ ಬಂದವರ ಫೋಟೊ ನೋಡಿ ನಿರ್ಧರಿಸಬೇಡಿ. ಆ ಮಕ್ಕಳು ಎಷ್ಟು ಅಂಕ ಇಟ್ಟುಕೊಂಡು ಅಲ್ಲಿಗೆ ಬಂದಿದ್ದರು ಅಂತ ಫೋಟೊ ಹೇಳುವುದಿಲ್ಲ.

ನನ್ನನ್ನು ಕೇಳಿದರೆ, ಆ 40 ಸಾವಿರದ ಒಂದು ಸಣ್ಣ ಪಾಲನ್ನು ಹಿರೇಕೆರೂರಿನಲ್ಲೇ ಖರ್ಚು ಮಾಡಿ. ಅವಳ ಕಾಲೇಜಿನ ಗಣಿತದ ಉಪನ್ಯಾಸಕರನ್ನೇ ಹೋಗಿ ಕಾಣಿ. ಸರ್ಕಾರಿ ಕಾಲೇಜಿನ ಉಪನ್ಯಾಸಕರ ಬಗ್ಗೆ ಜನಕ್ಕೆ ಅನುಮಾನ ಜಾಸ್ತಿ, ಆದರೆ ಮಗು ಮನೆ ಬಾಗಿಲಿಗೆ ಬಂದು ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಸಂದೇಹ ಬರೆದಿಟ್ಟುಕೊಂಡು ವಾರಕ್ಕೆ ಎರಡು ಸಲ ಹೋದರೆ ಸಾಕು. ಅದೇ ಕ್ಲಾಸಿನ ಇನ್ನೊಬ್ಬ ಗೆಳತಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಕೂತು ಕೇಳುವುದಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ 2023ರಲ್ಲಿ ಶುರು ಮಾಡಿದ ‘ಸಾಥಿ’ ಎಂಬ ಉಚಿತ ತಾಣವಿದೆ. ಪ್ರವೇಶ ಪರೀಕ್ಷೆಗಳಿಗೆ ಬೇಕಾದ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆ ಅಲ್ಲಿ ಸಿಗುತ್ತವೆ. ಉಳಿದ ದುಡ್ಡು ಮುಂದಿನ ವರ್ಷ ಬೇಕಾಗುತ್ತದೆ. ಸೀಟು ಸಿಕ್ಕಾಗ ಫೀಸು, ಹಾಸ್ಟೆಲ್ ಅಡ್ವಾನ್ಸ್ ಅಂತ ಒಂದೇ ವಾರದಲ್ಲಿ ಹೊಂದಿಸಬೇಕಾಗಿ ಬಂದು ಒದ್ದಾಡುವ ಅಪ್ಪಂದಿರನ್ನು ನಾನು ಪ್ರತಿ ಜುಲೈ, ಆಗಸ್ಟ್‌ನಲ್ಲಿ ನೋಡುತ್ತೇನೆ.

ಇನ್ನು ನೀವು ಕೇಳದೇ ಇರುವ, ಆದರೆ ಈ ಬೇಸಿಗೆಯಲ್ಲಿ ನೀವೇ ಮಾಡಬೇಕಾದ ಕೆಲಸ: ಕಾಗದಪತ್ರ. ಇದರ ಮೇಲೆ ಸೀಟು ನಿಂತಿರುತ್ತದೆ ಎಂದು ಎಷ್ಟು ಹೇಳಿದರೂ ಸಾಲದು. ನಿಮ್ಮ ಮಗಳು ಒಂದರಿಂದ ಹತ್ತು ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಕೆಇಎ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಕಟ್‌ಆಫ್ ಪಟ್ಟಿಯಲ್ಲಿ ಜಿ (ಸಾಮಾನ್ಯ), ಆರ್ (ಗ್ರಾಮೀಣ), ಕೆ (ಕನ್ನಡ ಮಾಧ್ಯಮ) ಅಂತ ಬೇರೆ ಬೇರೆ ಕಾಲಮ್ ಇರುತ್ತದಲ್ಲ, ಅದು ಇದೇ. ಯಾವ ಕನ್ನಡ ಮಾಧ್ಯಮದಿಂದಾಗಿ ಅವಳಿಗೆ ಈ ವರ್ಷ ಕಷ್ಟವಾಯಿತೋ ಅದೇ ಮುಂದಿನ ವರ್ಷ ಅವಳಿಗೆ ಹಕ್ಕಿನ ಸೀಟು ತಂದುಕೊಡಬಹುದು. ಆದರೆ ಅದಕ್ಕೆ ಶಾಲೆಯ ಮುಖ್ಯಶಿಕ್ಷಕರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ ಬೇಕು. ಕೆಇಎ ಕೊಟ್ಟ ನಮೂನೆಯಲ್ಲೇ ಇರಬೇಕು. ಶಾಲೆಗೆ ರಜೆ ಬೀಳುವ ಮೊದಲೇ ಹೋಗಿ ದಾಖಲೆಯಲ್ಲಿ ಎಲ್ಲ ವರ್ಷವೂ ಸರಿಯಾಗಿದೆಯಾ ಎಂದು ನೋಡಿಕೊಳ್ಳಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದು. ಅದರ ಮೇಲಿನ ಆರ್‌ಡಿ ನಂಬರನ್ನೇ ಸಿಇಟಿ ಅರ್ಜಿಯಲ್ಲಿ ತುಂಬುವುದು. ಆದಾಯ ಪ್ರಮಾಣಪತ್ರದ ಅವಧಿ ಮುಗಿಯುವುದು ಯಾವಾಗ ಎಂದು ಈಗಲೇ ನೋಡಿ, ಮಗಳ ಹೆಸರಿನಲ್ಲೇ ಇದೆಯಾ ಎಂದೂ ನೋಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಅವಳ ಹೆಸರಿನ ಇಂಗ್ಲಿಷ್ ಅಕ್ಷರ, ನಿಮ್ಮ ಹೆಸರು, ಹುಟ್ಟಿದ ದಿನಾಂಕ ಒಂದೇ ಇರಬೇಕು. ಒಂದು ಅಕ್ಷರ ತಪ್ಪಿದ್ದರೆ ಈಗ ಸರಿಪಡಿಸಲು ಸಮಯವಿದೆ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ ಹೊತ್ತಿಗೆ ಶುರುವಾಗುತ್ತದೆ, ಆಗ ಅವಳು ಪರೀಕ್ಷೆಯ ತಯಾರಿಯಲ್ಲಿರುತ್ತಾಳೆ. ಬ್ಯಾಂಕ್ ಖಾತೆ ಅವಳ ಹೆಸರಿನಲ್ಲಿದ್ದು ಆಧಾರ್ ಜೋಡಣೆ ಆಗಿರಲಿ, ವಿದ್ಯಾರ್ಥಿವೇತನ ಬರುವುದು ಅಲ್ಲಿಗೇ.

ಕೋರ್ಸು ಯಾವುದು ಎಂಬ ಜಗಳ ಮನೆಯಲ್ಲಿ ನಡೆಯುತ್ತಿದೆ ಅನ್ನಿಸುತ್ತದೆ. ಪಿಸಿಎಂಬಿ ಓದುತ್ತಿರುವುದರಿಂದ ಮೂರೂ ದಾರಿ ತೆರೆದೇ ಇವೆ. ಇವತ್ತೇ ಒಂದನ್ನು ಹಿಡಿಯಬೇಕಾದ್ದಿಲ್ಲ. ಆದರೆ ಈ ರಜೆಯಲ್ಲಿ ಮೂರನ್ನೂ ಕಣ್ಣಾರೆ ನೋಡಿಕೊಂಡು ಬರಬಹುದು. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ನಿಮಗೆ ಬಸ್ಸಿನಲ್ಲಿ ಒಂದು ದಿನದ ಕೆಲಸ. ಅಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ಜೊತೆ ನಿಮ್ಮ ಮಗಳು ಒಬ್ಬಳೇ ಮಾತಾಡಲಿ, ನೀವು ಸ್ವಲ್ಪ ದೂರ ನಿಲ್ಲಿ. ಬಿಎಸ್ಸಿ ಅಗ್ರಿ ನಾಲ್ಕು ವರ್ಷದ ಕೋರ್ಸು. ಹೊಲದ ಕೆಲಸದಷ್ಟೇ ರಸಾಯನಶಾಸ್ತ್ರ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರ ಇರುತ್ತದೆ. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಇದು ಅವಳಿಗೆ ಗೊತ್ತಿರಲಿ.

ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಜಮೀನು, ಕೃಷಿ ಆದಾಯದ ದಾಖಲೆ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಬೆಳೆ, ಗೊಬ್ಬರ, ಸಲಕರಣೆ ಗುರುತಿಸುವಂಥ ಪರೀಕ್ಷೆ ಅದು. ರೈತರ ಮಕ್ಕಳಿಗೆ ಸುಲಭ ಅಂದುಕೊಳ್ಳುತ್ತೇವೆ. ಆದರೆ ಓದುವ ಮಕ್ಕಳನ್ನು ನಾವು ಹೊಲಕ್ಕೆ ಕಳಿಸುವುದಿಲ್ಲ, ಹಾಗಾಗಿ ಅಲ್ಲಿ ತಡವರಿಸುವವರೂ ಬಹಳ. ಈ ಬೇಸಿಗೆಯಲ್ಲಿ ಅವಳು ನಿಮ್ಮ ಜೊತೆ ಹೊಲಕ್ಕೆ ಬರಲಿ, ಊರಿನ ಗೊಬ್ಬರದಂಗಡಿಗೆ ಬರಲಿ. ಯಾವ ಗೊಬ್ಬರದ ಚೀಲದ ಮೇಲೆ ಏನು ಬರೆದಿದೆ ಓದಲಿ. ನಿಮ್ಮ ಜಿಲ್ಲೆಯಲ್ಲಿ, ಅದರಲ್ಲೂ ರಾಣೆಬೆನ್ನೂರಿನ ಸುತ್ತ, ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬು. ಯಾರಾದರೂ ಪರಿಚಯದವರ ಹೊಲದಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ, ನಡೆಯುತ್ತಿದ್ದರೆ ನಾಲ್ಕು ದಿನ ಹೋಗಿ ನೋಡಲಿ. ಹೂವಿನ ಭಾಗಗಳು, ಪರಾಗಸ್ಪರ್ಶ, ತಳಿ ಎಲ್ಲ ಅಲ್ಲೇ ಕೈಗೆ ಸಿಗುತ್ತದೆ. 6 ಸಾವಿರದ ಇಂಟರ್ನ್‌ಶಿಪ್‌ಗಿಂತ ಇದು ಎಷ್ಟೋ ಪಾಲು ಮೇಲು. ಮುಂದೆ ಎಲ್ಲಾದರೂ ಸಂದರ್ಶನದಲ್ಲಿ ಕೂತರೂ ಹೇಳಲು ಅವಳದೇ ಮಾತು ಇರುತ್ತದೆ.

ನರ್ಸಿಂಗ್ ಬಗ್ಗೆ ತಾಯಿಯವರ ಯೋಚನೆ ತಪ್ಪಲ್ಲ, ಕೆಲಸ ಬೇಗ ಸಿಗುವ ಕೋರ್ಸು ಅದು. ತಾಲ್ಲೂಕು ಆಸ್ಪತ್ರೆಯ ಯಾರಾದರೂ ಸ್ಟಾಫ್ ನರ್ಸ್ ಜೊತೆ ಒಂದು ಸಂಜೆ ಕೂತು ಮಾತಾಡಲಿ. ರಾತ್ರಿ ಪಾಳಿ, ಸಂಬಳ, ಯಾವುದು ಖುಷಿ, ಯಾವುದು ಕಷ್ಟ ಎಂದು ಕೇಳಲಿ. ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ತಮ್ಮನವರಿಗೆ ಒಂದು ಕೆಲಸ ಕೊಡಿ. ತಮ್ಮ ಪರಿಚಯದ ಎಂಜಿನಿಯರ್ ಒಬ್ಬರನ್ನು ಫೋನಿನಲ್ಲಿ ಅವಳ ಜೊತೆ ಮಾತಾಡಿಸಲಿ. ಮೂರೂ ಆದ ಮೇಲೆ ಅವಳಿಗೆ ಏನನ್ನಿಸಿತು ಎಂದು ಕೇಳಿ, ಉತ್ತರಕ್ಕೆ ತಕ್ಷಣ ಎದುರು ಹೇಳಬೇಡಿ.

ಮೊಬೈಲ್ ಬಗ್ಗೆ. ಕಿತ್ತುಕೊಂಡರೆ ಜಗಳ, ಬಿಟ್ಟರೆ ಚಿಂತೆ, ಇದು ಎಲ್ಲ ಮನೆಯ ಕಥೆ. ಅಂಕ ಬಿದ್ದ ಮಗು ಮೊಬೈಲ್ ಹಿಡಿಯುವುದು ಬಹಳ ಸಲ ತಪ್ಪಿಸಿಕೊಳ್ಳುವುದಕ್ಕೆ. ಅಲ್ಲಿ ಯಾರೂ ಅಂಕ ಕೇಳುವುದಿಲ್ಲ. ಬೆಳಿಗ್ಗೆಯ ಮೂರು ತಾಸು ಅದು ಅಡುಗೆಮನೆಯ ಕಪಾಟಿನಲ್ಲಿರಲಿ, ರಾತ್ರಿ ಮಲಗುವಾಗ ಹಾಸಿಗೆಯಿಂದ ದೂರವಿರಲಿ. ಈ ಎರಡಕ್ಕೆ ಅವಳೇ ಒಪ್ಪಿದರೆ ಉಳಿದ ಹೊತ್ತಿನ ಲೆಕ್ಕ ಕೇಳಬೇಡಿ. ನಿಮ್ಮ ಮೊಬೈಲೂ ಅದೇ ಕಪಾಟಿಗೆ ಹೋದರೆ ಅವಳು ಬೇಗ ಒಪ್ಪುತ್ತಾಳೆ.

ಅಜ್ಜಿ ಊರಿಗೆ ಕಳಿಸಿ. ಹತ್ತು ಹನ್ನೆರಡು ದಿನ, ಪುಸ್ತಕ ಇಲ್ಲದೆ. ರಜೆ ಶುರುವಾದ ಕೂಡಲೇ ಕಳಿಸಿದರೆ ಒಳ್ಳೆಯದು. ಒಂದು ವರ್ಷ ಸೋಲುತ್ತಿದ್ದೇನೆ ಎಂದುಕೊಂಡೇ ಓದಿದ ಮಗುವಿಗೆ ನಿದ್ದೆ ಬೇಕು, ಅಂಕ ಕೇಳದ ಜನ ಬೇಕು. ಅಲ್ಲಿಂದ ಬಂದ ಮೇಲೂ ಏಪ್ರಿಲ್‌ನ ಅರ್ಧ, ಮೇ ಪೂರ್ತಿ ಕೈಯಲ್ಲಿರುತ್ತದೆ. ನಾನು ಮೇಲೆ ಹೇಳಿದ ಪಾಠಗಳಿಗೆ ಅಷ್ಟು ಸಾಕು. ‘ಪಕ್ಕದ ಮನೆಯವರು ಮಗಳನ್ನು ಕ್ರ್ಯಾಶ್ ಕೋರ್ಸಿಗೆ ಹಾಕಿದ್ದಾರೆ’ ಎಂಬ ಮಾತನ್ನು ಮಾತ್ರ ಅವಳ ಕಿವಿಗೆ ಹಾಕಬೇಡಿ.

ಕೊನೆಗೆ ನೀಟ್. ಅದು ಬೇಕಾಗುವುದು ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪತಿಯಂಥ ಕೋರ್ಸುಗಳಿಗೆ. ಕೃಷಿಗೆ, ರಾಜ್ಯದ ನರ್ಸಿಂಗ್ ಸೀಟಿಗೆ, ಪಶುವೈದ್ಯಕೀಯದ ರಾಜ್ಯದ ಸೀಟಿಗೆ ಸಿಇಟಿ ಸಾಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಓದುವ ರೀತಿಯೂ ಬೇರೆ. ‘ಸುಮ್ನೆ ಒಂದು ಸಲ ಬರೆಯಲಿ’ ಎಂದು ಬರೆಸಿದರೆ ವರ್ಷವಿಡೀ ಅದರ ನೆರಳು ಪಿಯು ಓದಿನ ಮೇಲೆ ಬೀಳುತ್ತದೆ. ಅವಳ ಮೂರು ಆಯ್ಕೆಗಳಲ್ಲಿ ಯಾವುದಕ್ಕೂ ನೀಟ್ ಬೇಕಿಲ್ಲ, ಅವಳಾಗಿ ಕೇಳಿಯೂ ಇಲ್ಲ. ಹಾಗಾಗಿ ಬೇಡ. ಸೆಕೆಂಡ್ ಪಿಯು ಅರ್ಧವಾರ್ಷಿಕ ಪರೀಕ್ಷೆ ಆದ ಮೇಲೆ ಅವಳಿಗೇ ವೈದ್ಯಕೀಯದ ಆಸೆ ಬಂದರೆ ಆಗ ಬರೆಯಿರಿ, ಅರ್ಜಿಗೆ ಆಗಲೂ ಸಮಯ ಇರುತ್ತದೆ.